ಬಾಟ್ಲಿ ಸಂಘದ ಹಸಿರು ಹುಕ್ಕಾ

೭ ಏಪ್ರಿಲ್ ೧೯೮೫, ರವಿವಾರ

ಈ ಡೈರಿ ನಿಮ್ಮದು. ಪ್ರತಿ ವರ್ಷ ಗೊಬ್ಬರದ ಕಂಪನಿಯವರು ಕೊಡುತ್ತಿದ್ದರು. ಪ್ರತಿ ವರ್ಷ ನೀವು ಒಂದಕ್ಷರವನ್ನೂ ಬರೆಯದೆ ಡಿಸೆಂಬರಿನಲ್ಲಿ ನನ್ನ ಕೈಗೆ ಕೊಟ್ಟು "ಒಲಿಗಿ ಹಾಕು" ಎನ್ನುತ್ತಿದ್ದಿರಿ. ಈ ಸಲ ಶಿವರಾತ್ರಿಗೆ ಮೊದಲೇ ಹೊರಟುಬಿಟ್ಟಿರಿ. ಈಗ ಜಗಳಾಡಲು ಮನೆಯಲ್ಲಿ ಯಾರೂ ಇಲ್ಲ. ನಿಮ್ಮ ತಂಗಿ ಗುರುಬಾಯಿ ಜೊತೆಗಿದ್ದಾಳೆ, ಆದರೆ ಆಕೆ ಜಗಳ ಶುರುವಾಗುವ ಮೊದಲೇ ಅಳುತ್ತಾಳೆ. ಅಂಥವರೊಡನೆ ಜಗಳಾಡಿದರೆ ರುಚಿಯೇ ಇರುವುದಿಲ್ಲ. ಅದಕ್ಕೇ ಇದರಲ್ಲಿ ಬರೆಯುತ್ತಿದ್ದೇನೆ.

ಇವತ್ತು ನಿಮ್ಮ ಬಾಟ್ಲಿ ಸಂಘ ಬಂದಿತ್ತು.

ಅದರ ಹೆಸರು 'ಆಳಂದ ಪುರಾತನ ಗಾಜಿನ ವಸ್ತು ಸಂಗ್ರಾಹಕರ ಮಂಡಳಿ' ಎಂದು ನೀವು ಎಷ್ಟು ಸಲ ಹೇಳಿದರೂ ಊರಿನವರಿಗೆ ಅದು ಬಾಟ್ಲಿ ಸಂಘವೇ. ನಮ್ಮ ಮಗಳನ್ನು ನೋಡಲು ಬಂದ ಮೊದಲ ಬೀಗರು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಹುಡುಗಿಯ ತಂದೆ ಮನೆಯಲ್ಲಿದ್ದಾರೆಯೇ ಎಂದು ಕೇಳಿದ್ದರು. "ರವಿವಾರ ಅಲ್ರಿ, ಬಾಟ್ಲಿ ಸಂಘದಾಗ ಕುಂತಿರ್ತಾರ" ಎಂದು ಯಾರೋ ಹೇಳಿದರು. ಬೀಗರು ಬಂದ ಬಸ್ಸಿಗೇ ತಿರುಗಿ ಹತ್ತಿದರು. ನೀವು ಕೈಯಲ್ಲಿ ಅತ್ತರಿನ ಶೀಸೆ ಹಿಡಿದುಕೊಂಡೇ ಬಸ್ಸಿನ ಹಿಂದೆ ಓಡಿದ್ದು ನೋಡಿ ಅವರ ಅನುಮಾನ ಇನ್ನೂ ಗಟ್ಟಿಯಾಯಿತು.

ಮೂವರೂ ಗಾಜಿನ ಕಪಾಟಿನ ಮುಂದೆ ಕುಳಿತರು. ಭೂಸನೂರಿನ ಕಬ್ಬಿನ ಸಾಹುಕಾರ ಚಂದ್ರಾಮಪ್ಪ ತೂಗುದೀಪಗಳನ್ನು ಕೂಡಿಸುವವರು. ಅವರ ಮನೆಯಲ್ಲಿ ತಲೆ ಎತ್ತಿ ನಡೆದರೆ ಹಣೆಗೆ ದೀಪ ಬಡಿಯುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರದ ಅತ್ತರಿನ ಅಂಗಡಿಯ ಅಬ್ದುಲ್ ಗನಿಗೆ ಹೆಬ್ಬೆರಳಿನಷ್ಟು ಪುಟ್ಟ ಹಳೆಯ ಶೀಸೆಗಳೆಂದರೆ ಪ್ರಾಣ. ಉರ್ದು ಶಾಲೆಯ ಹೆಡ್ ಮಿಸ್ಟ್ರೆಸ್ ಆಗಿದ್ದು ನಿವೃತ್ತರಾದ ವಜೀರುನ್ನಿಸಾ ಟೀಚರ್ ಕೂಡಿಸುವುದು ಪನ್ನೀರು ಚಿಮುಕಿಸುವ ಗುಲಾಬದಾನಿಗಳನ್ನು. ಅವರ ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ ಸದಾ ಇರುತ್ತದೆ.

"ಭಾಬಿ, ದೌಲತರಾಯ ಇಲ್ಲ ಅಂದ್ರ ಮಂಡಳಿ ಎಲ್ಲಿದು," ಎಂದರು ಗನಿ ಭಾಯ್.

"ಹಂಗಂದ್ರ ಮುಚ್ಚಿಬಿಡ್ರಿ," ಎಂದೆ.

ತಮಾಷೆಯೆಂದುಕೊಂಡು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಕಪಾಟಿನ ನಡುವಿನ ಅಂತಸ್ತಿನಲ್ಲಿ, ಕೆಂಪು ಮಖಮಲ್ಲಿನ ಮೇಲೆ, ಆ ಹಸಿರು ಹುಕ್ಕಾ ಕುಳಿತಿದೆ. ಗುಂಡು ಹೊಟ್ಟೆ, ಗಿಡ್ಡ ಕೊರಳು, ಕೊರಳಿಗೆ ಹಿತ್ತಾಳೆಯ ಬಳೆ. 'ನಿಜಾಮಶಾಹಿ ಹುಕ್ಕಾದ ತಳ' ಎಂದು ನೀವು ಮಂಡಳಿಗೆ ಹೇಳಿದ್ದಿರಿ. ಅದು ನನ್ನ ತವರಿನ ಉಪ್ಪಿನಕಾಯಿ ಬಾಟ್ಲಿ ಎಂಬುದು ನಿಮ್ಮನ್ನೂ ನನ್ನನ್ನೂ ಬಿಟ್ಟರೆ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಅಫಜಲಪುರದಿಂದ ಮದುವೆಯ ಸಾಮಾನಿನ ಜೊತೆಗೆ ಅವ್ವ ಅದರ ತುಂಬ ಮಾವಿನಕಾಯಿ ಹಾಕಿ ಕಳಿಸಿದ್ದಳು. ಅವ್ವ ತೀರಿಕೊಂಡ ವರ್ಷವೇ ನನ್ನ ಕೈ ತಪ್ಪಿ ಅದು ಒರಳಿಗೆ ಬಡಿದು ಕೊರಳು ಮುರಿಯಿತು. ಅತ್ತು, ತಿಪ್ಪೆಗೆ ಹಾಕಿದೆ. ನೀವು ಅಲ್ಲಿಂದ ಎತ್ತಿಕೊಂಡು ಹೋದಿರಿ. ಸೊಲ್ಲಾಪುರದಲ್ಲಿ ಗಾಲಿಯ ಮೇಲೆ ಕೊರಳು ತಿಕ್ಕಿಸಿ ತಂದೆನೆಂದು ಹೇಳಿ, ಒಂದು ರವಿವಾರ ಮಖಮಲ್ಲಿನ ಮೇಲೆ ಇಟ್ಟಿರಿ. "ನೀ ಸುಮ್ನ ಚಹಾ ತಗೊಂಡು ಬಾ. ಮಜಾ ನೋಡು," ಎಂದಿರಿ.

ಚಹಾ ತಂದೆ. ಮೂವರೂ ನನ್ನ ಉಪ್ಪಿನಕಾಯಿ ಬಾಟ್ಲಿಯ ಸುತ್ತ ಬಗ್ಗಿ ನಿಂತಿದ್ದರು, ದೇವರ ದರ್ಶನಕ್ಕೆ ಬಂದವರ ಹಾಗೆ. ತಟ್ಟೆ ಇಟ್ಟವಳೇ ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ತುರುಕಿಕೊಂಡೆ. ನೀರು ಬೇಕೆಂಬ ನೆಪದಲ್ಲಿ ನೀವೂ ಬಂದಿರಿ. ಬಾಗಿಲ ಹಿಂದೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಪ್ರತಿ ರವಿವಾರ ನಿಮಗೆ ಆ ಹೊತ್ತಿಗೇ ನೀರಡಿಕೆ.

ಇವತ್ತೂ ಟೀಚರ್ ಭೂತಗನ್ನಡಿ ಹಿಡಿದು ಅದಕ್ಕೆ ಬಗ್ಗಿದರು. ನಾನು ಅಡುಗೆಮನೆಗೆ ಹೋದೆ. ನಗು ಬರಲಿಲ್ಲ.

ಬೇಸಿಗೆ ಮುಗಿಯುವುದರೊಳಗೆ ಈ ಕಪಾಟು ಖಾಲಿ ಮಾಡಿಸುತ್ತೇನೆ. ನಿಮಗೆ ಸಿಟ್ಟು ಬಂದರೆ ಬರಲಿ.

೧೨ ಏಪ್ರಿಲ್, ಶುಕ್ರವಾರ

ಚಂದ್ರಾಮಪ್ಪ ಒಬ್ಬರೇ ಬಂದಿದ್ದರು. ಜೀಪಿನಿಂದ ಬೆಲ್ಲದ ಪೆಂಟೆ ಇಳಿಸಿದರು. ಮಳೆ, ಕಾರ್ಖಾನೆ, ಮೊಮ್ಮಗನ ಕೆಮ್ಮು, ಎಲ್ಲ ಮಾತಾಡಿ ಆಮೇಲೆ ಹುಕ್ಕಾದ ಕಡೆ ಕಣ್ಣು ಹಾಯಿಸಿದರು.

"ಅಕ್ಕಾವ್ರ, ಅದು ದಿನಾ ಕಣ್ಣ ಮುಂದ ಇದ್ರ ನಿಮಗ ಸಂಕಟ ಆಗ್ತದ. ನಂಗ ಕೊಟ್ಟುಬಿಡ್ರಿ. ಬದ್ಲಿಗೆ ನಮ್ಮ ಮನ್ಯಾಗಿನ ದೀಪದಾಗ ನಿಮಗ ಯಾವ್ದು ಬೇಕು ಅದು ಒಯ್ರಿ."

"ನಂಗೇನು ಸಂಕಟ ಇಲ್ರಿ. ಅದು ಇದ್ರ ಮನಿ ತುಂಬಿದಂಗ ಇರ್ತದ."

"ಎರಡು ದೀಪ ಒಯ್ರಿ."

ಊರಿಗೆ ದೊಡ್ಡ ಸಾಹುಕಾರ ಉಪ್ಪಿನಕಾಯಿ ಬಾಟ್ಲಿಗಾಗಿ ಧೋತರದ ಚುಂಗಿನಿಂದ ಬೆವರು ಒರೆಸಿಕೊಳ್ಳುವುದನ್ನು ನೀವು ನೋಡಬೇಕಿತ್ತು. ವಿಚಾರ ಮಾಡುತ್ತೇನೆ ಎಂದು ಹೇಳಿ ಕಳಿಸಿದೆ. ಬೆಲ್ಲ ಚೆನ್ನಾಗಿದೆ.

೧೯ ಏಪ್ರಿಲ್, ಶುಕ್ರವಾರ

ನಮಾಜು ಮುಗಿಸಿ ಗನಿ ಭಾಯ್ ಬಂದರು. ಕೇದಗೆಯ ಅತ್ತರು ತಂದಿದ್ದರು. ಬೆಲ್ಲಕ್ಕಿಂತ ಹಗುರ, ಆದರೆ ಮಾತು ಅದೇ.

"ಭಾಬಿ, ಹುಕ್ಕಾ ನನ್ನ ಅಂಗಡ್ಯಾಗ ಇಟ್ಕೋತೇನಿ. ದೌಲತನ ನೆನಪಿಗೆ."

"ಚಂದ್ರಾಮಪ್ಪನವ್ರು ಆಗ್ಲೇ ಕೇಳ್ಯಾರಲ್ಲ ಗನಿ ಭಾಯ್."

ಅವರ ಕೈಯಲ್ಲಿದ್ದ ಬಸಿಯಿಂದ ಚಹಾ ಚೆಲ್ಲಿತು. "ಚಂದ್ರಾಮಪ್ಪ ಕೇಳಿದ್ರಾ? ಅವ್ರಿಗ್ಯಾಕ ಬೇಕು ಅದು?"

"ನಿಮಗ್ಯಾಕ ಬೇಕೋ ಅದಕ್ಕಽ ಇರಬೇಕು."

ಮೆಟ್ಟು ಅದಲು ಬದಲು ಹಾಕಿಕೊಂಡು ಹೋದರು. ಗುರುಬಾಯಿ ಒಳಗಿನಿಂದ ಬಂದು ನನ್ನ ಮುಖವನ್ನೇ ನೋಡಿದಳು.

"ಅತ್ತಿಗಿ, ನೀ ಈಗ ನಕ್ಕಿದಿ."

"ಸೀನು ಬಂದಿತ್ತು," ಎಂದೆ.

೨೫ ಏಪ್ರಿಲ್, ಗುರುವಾರ

ಉಳಿದವರೊಬ್ಬರು ಯಾಕೆ ಬರಲಿಲ್ಲ ಎಂದುಕೊಳ್ಳುತ್ತಿದ್ದೆ. ಬಂದರು. ವಜೀರುನ್ನಿಸಾ ಟೀಚರಿಗೆ ಬೇಡಿಕೊಳ್ಳಲು ಬರುವುದಿಲ್ಲ, ಅಪ್ಪಣೆ ಕೊಡುವುದಷ್ಟೇ ಬರುತ್ತದೆ.

"ಕಸ್ತೂರಿಬಾಯಿ, ಹುಕ್ಕಾ ನನ್ನ ಮನ್ಯಾಗ ಇರ್ಲಿ. ಯಾಕ ಅಂತ ಕೇಳಬ್ಯಾಡ್ರಿ."

"ಯಾಕ ಅಂತ ಹೇಳದಿದ್ರ ನಾ ಕೊತ್ತಂಬ್ರಿ ಸೈತ ಕೊಡೂದಿಲ್ಲ ಟೀಚರ್."

ಹುಬ್ಬು ಗಂಟಿಕ್ಕಿಕೊಂಡು ಹೋದರು. ನಾಳೆಯಿಂದ ಹುಕ್ಕಾವನ್ನು ಬೀದಿಯ ಕಡೆಯ ಕಿಟಕಿಯಲ್ಲಿ ಇಟ್ಟು ಒರೆಸುತ್ತೇನೆ. ಮೂವರೂ ದಿನಾ ಅದೇ ದಾರಿಯಲ್ಲಿ ಹೋಗುವವರು.

೨ ಮೇ, ಗುರುವಾರ

ಒರೆಸಿದೆ. ಚಂದ್ರಾಮಪ್ಪನವರ ಜೀಪು ಕಿಟಕಿಯ ಮುಂದೆ ಎರಡು ಸಲ ನಿಂತು ಮುಂದಕ್ಕೆ ಹೋಯಿತು. ಒರೆಸುವಾಗ ಗಾಜಿನೊಳಗೆ ಸಣ್ಣ ಗುಳ್ಳೆಗಳು ಕಂಡವು. ಇಷ್ಟು ವರ್ಷ ನನ್ನ ಕೈಯಲ್ಲೇ ಇತ್ತು, ಕಂಡಿರಲಿಲ್ಲ.

೫ ಮೇ, ರವಿವಾರ

ಮಜಾ ಮುಗಿಯಿತು.

ಮಂಡಳಿ ಕೂಡಿದಾಗ ಚಂದ್ರಾಮಪ್ಪ ಗಂಟಲು ಸರಿಮಾಡಿಕೊಂಡು ಹೇಳಿದರು. ಹೋದ ದೀಪಾವಳಿಯಲ್ಲಿ ಕಣ್ಣು ತೋರಿಸಲೆಂದು ಹೈದರಾಬಾದಿಗೆ ಹೋದಾಗ ನೀವು ಅಲ್ಲಿನ 'ದಖ್ಖನಿ ಶೀಶೆ ಅಂಜುಮನ್' ಎಂಬ ಗಾಜಿನವರ ಸಂಘಕ್ಕೆ ಹೋಗಿದ್ದಿರಂತೆ. ಆಳಂದದ ಮಂಡಳಿಯನ್ನು ಅದರ ಶಾಖೆ ಮಾಡಿಕೊಳ್ಳಿ ಎಂದು ಕೇಳಿದ್ದಿರಂತೆ. ಶಾಖೆಯಾದರೆ ಅವರ ಪುಸ್ತಕಗಳು ಪೆಟ್ಟಿಗೆಯಲ್ಲಿ ಇಲ್ಲಿಗೆ ಬರುತ್ತವೆ. ಬಣ್ಣದ ಚಿತ್ರಗಳಿರುವ ಪುಸ್ತಕಗಳು. ಇಲ್ಲಿ ಇರುವುದು ಟೀಚರ ಹತ್ತಿರದ ಒಂದೇ ಪುಸ್ತಕ, ಅದಕ್ಕೂ ಮುಖಪುಟವಿಲ್ಲ. ಯಾವುದು ಹಳೆಯದು, ಯಾವುದು ಮೊನ್ನೆ ಸಂತೆಯಲ್ಲಿ ಬಂದದ್ದು ಎಂದು ಇವರು ಬರೀ ಜಗಳಾಡಿ ನಿರ್ಧರಿಸುತ್ತಾರೆ.

"ಅಲ್ಲಿಂದ ಬುರಾನುದ್ದೀನ ಸಾಹೇಬ್ರು ಅಂತ ಒಬ್ರು ಜೂನ್ ಕಡೀಗೆ ಬರ್ತಾರ. ನಮ್ಮ ಸಾಮಾನು ನೋಡಿ, ಖರೇ ಅದಾವೋ ಇಲ್ಲೋ ಹೇಳ್ತಾರ. ದೌಲತರಾಯ ಅವ್ರಿಗೆ ಮುಖ್ಯ ಏನು ಹೇಳ್ಯಾನಂದ್ರ…"

ಯಾರೂ ಕಪಾಟಿನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

೬ ಮೇ, ಸೋಮವಾರ

ನನ್ನನ್ನು ನಗಿಸಿದಿರಿ, ಸರಿ. ಆಳಂದವನ್ನು ಆಡಿಸಿದಿರಿ, ಅದೂ ಸರಿ. ಹೈದರಾಬಾದಿನವರಿಗೂ ಅದನ್ನು ಹುಕ್ಕಾ ಎಂದು ಹೇಳುವುದು ಯಾಕೆ ಬೇಕಿತ್ತು? ಈಗ ಆ ಮನುಷ್ಯ ಬಂದು, ಮೂಗಿನ ಮೇಲೆ ಕನ್ನಡಕ ಏರಿಸಿ, 'ದೌಲತರಾಯ ಸುಳ್ಳುಗಾರ' ಎಂದು ಹೇಳಿ ಹೋಗುತ್ತಾನೆ. ಉತ್ತರ ಕೊಡಲು ನೀವಿಲ್ಲ.

ರೊಟ್ಟಿ ಮಾಡಿದೆ, ತಿನ್ನಲಿಲ್ಲ.

೧೬ ಮೇ, ಗುರುವಾರ

ಯಾರಿಗಾದರೂ ಹೇಳಲೇಬೇಕಿತ್ತು. ಟೀಚರ ಮನೆಗೆ ಹೊರಟೆ.

"ವರ್ಷ ತುಂಬೂತನಕ ಮಂದಿ ಮನೀಗಿ ಹೋಗಬಾರ್ದಂತ ಅತ್ತಿಗಿ," ಎಂದಳು ಗುರುಬಾಯಿ.

"ಯಾರಂತಾರ?"

"ಮಂದಿ ಅಂತಾರ."

"ಹಂಗಾರ ಮಂದಿ ಮನೀಗಿ ಹೋಗಿ ಅವ್ರನ್ನಽ ಕೇಳ್ಕೊಂಡು ಬರ್ತೇನಿ," ಎಂದು ಚಪ್ಪಲಿ ಮೆಟ್ಟಿದೆ.

ಟೀಚರ ಪಡಸಾಲೆಯಲ್ಲಿ ಕುಳಿತು ಎಲ್ಲ ಹೇಳಿದೆ. ತವರು, ಉಪ್ಪಿನಕಾಯಿ, ಒರಳು, ತಿಪ್ಪೆ, ಸೊಲ್ಲಾಪುರ. ನೆಲ ನೋಡುತ್ತಲೇ ಹೇಳಿದೆ. ಮುಗಿಸಿ ತಲೆ ಎತ್ತಿದರೆ ಅವರ ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಅಷ್ಟು ಜೋರು ಹೆಂಗಸು ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ.

"ನಮ್ಮ ಅಮ್ಮಿ ಇಂಥಾದ್ರಾಗಽ ನಿಂಬಿಕಾಯಿ ಅಚಾರ ಹಾಕ್ತಿದ್ರು ಬಾಯಿ. ಮೊದಲ್ನೇ ದಿನಾನ ಗುರ್ತು ಹಿಡಿದೇನಿ."

"ಮತ್ತ ಇಷ್ಟು ವರ್ಷ ಭೂತಗನ್ನಡಿ ಹಿಡಿದು ಏನು ನೋಡ್ತಿದ್ರಿ?"

"ನಗು ಬರ್ತಿತ್ತು. ಮುಖಕ್ಕ ಏನರ ಅಡ್ಡ ಬೇಕಾಗಿತ್ತು."

ನನಗೆ ಮೈಯೆಲ್ಲ ಉರಿಯಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಟೀಚರ್ ಕಣ್ಣೊರೆಸಿಕೊಂಡರು.

"ಚಹಾ ಬರೂ ಹೊತ್ತಿಗೆ ದೌಲತರಾಯರು ಹುಕ್ಕಾ ನೋಡ್ತಿರಲಿಲ್ಲ, ಬಾಗಲಾ ನೋಡ್ತಿದ್ರು. ನೀವು ಒಳಗ ಬಂದ ಕೂಡ್ಲೆ ನಿಮ್ಮ ಮುಖ ನೋಡ್ತಿದ್ರು. ಅದ್ನ ಕೆಡಸೂ ಮನಸ್ಸಾಗಲಿಲ್ಲ."

ಅವರು ಹುಕ್ಕಾ ಕೇಳಲು ಬಂದದ್ದು ಆಸೆಗಲ್ಲವಂತೆ. ಹೈದರಾಬಾದಿನವರು ಬರುವ ಮೊದಲು ಅದನ್ನು ನಮ್ಮ ಮನೆಯಿಂದ ಸಾಗಿಸಿ ಮುಚ್ಚಿಡಬೇಕೆಂದು. "ಉಳಿದ ಇಬ್ರಿಗೆ ಮಾತ್ರ ತಿಳೀಬಾರ್ದು. ಪಾಪ, ಅವ್ರು ಖರೇನಽ ಹುಕ್ಕಾ ಅಂತ ನಂಬ್ಯಾರ," ಎಂದರು.

೧೯ ಮೇ, ರವಿವಾರ

ನಾನೂ ಟೀಚರೂ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದೆವು. ಚಂದ್ರಾಮಪ್ಪ ಎದ್ದು ನಿಂತರು.

"ನಿಮಗ ಯಾರಿಗೂ ಗೊತ್ತಿಲ್ಲದ್ದು ಒಂದು ಮಾತು ಹೇಳ್ಬೇಕಾಗ್ಯಾದ. ಮನಸ್ಸಿಗಿ ಹಚ್ಕೋಬ್ಯಾಡ್ರಿ. ಆ ಹುಕ್ಕಾ… ಹುಕ್ಕಾ ಅಲ್ಲ."

ಹಿತ್ತಾಳೆಯ ಬಳೆ ಮಾಡಿದ ಕಂಚಗಾರನೇ ಅವರಿಗೆ ಅಂದೇ ಹೇಳಿದ್ದನಂತೆ.

ಗನಿ ಭಾಯ್ ಕುರ್ಚಿಯಿಂದ ಎಗರಿದರು. "ಅರೆ! ನಿಮಗೂ ಗೊತ್ತಿತ್ತಾ? ನನಗೊಬ್ಬನಿಗೇ ಅಂತ ತಿಳ್ಕೊಂಡಿದ್ದೆ!"

"ನಿನಗ ಹೆಂಗ ಗೊತ್ತಾತು?"

"ಅತ್ತರಿನವ ಇದ್ದೇನಿ ಸಾಹುಕಾರ್. ಬೇಸಿಗ್ಯಾಗ ಒಮ್ಮೆ ಮೂಗು ಹತ್ರ ಒಯ್ದಿದ್ದೆ. ನಿಜಾಮಶಾಹಿ ಹುಕ್ಕಾದಾಗ ಇಂಗು ಯಾಕ ಇರ್ತದ?"

ಟೀಚರ್ ನನ್ನ ಕಡೆ ನೋಡಿದರು. ಇವರಿಬ್ಬರೂ ಹುಕ್ಕಾ ಕೇಳಿದ್ದು ಟೀಚರ ಹಾಗೆ ಮುಚ್ಚಿಡಲೆಂದೇ ಎಂದು ಆಗ ತಿಳಿಯಿತು. ನನಗೆ ಮಾತ್ರ ಸಿಟ್ಟು. ಇವರನ್ನು ಮಂಗ ಮಾಡುತ್ತಿದ್ದೇವೆ ಎಂದು ನಾವಿಬ್ಬರು ಬಾಗಿಲ ಹಿಂದೆ ನಗುತ್ತಿದ್ದರೆ, ಇವರು ಬಾಗಿಲ ಮುಂದೆ ಕುಳಿತು ನಮ್ಮನ್ನು ಮಂಗ ಮಾಡುತ್ತಿದ್ದರು! ಹೇಳಿಯೂಬಿಟ್ಟೆ. ಮೂವರೂ ತಲೆ ತಗ್ಗಿಸಿದರು. ಅಷ್ಟರಲ್ಲಿ ಗುರುಬಾಯಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಯಾತರ ಗದ್ಲ ಇದು? ಉಪ್ಪಿನಕಾಯಿ ಬಾಟ್ಲಿದಾ? ಅತ್ತಿಗಿ ಮದುವ್ಯಾಗಿ ಬಂದ ವರ್ಷ ಅದರಾಗಿನ ಹೋಳು ನಾನಽ ಖಾಲಿ ಮಾಡೇನಲ್ಲ!"

ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಚಂದ್ರಾಮಪ್ಪ ಕೆಮ್ಮುವ ತನಕ ನಕ್ಕರು. ನಾನು ಅಡುಗೆಮನೆಗೆ ಓಡಲಿಲ್ಲ, ಅಲ್ಲೇ ಕುಳಿತಿದ್ದೆ. ನೀವು ಇದ್ದಿದ್ದರೆ ನಿಮ್ಮ ಮುಖ ನೋಡುವ ಹಾಗಿರುತ್ತಿತ್ತು.

೨ ಜೂನ್, ರವಿವಾರ

ರಂಜಾನ್ ಉಪವಾಸ, ಆದ್ದರಿಂದ ಚಹಾ ಇಲ್ಲ. ಹುಕ್ಕಾವನ್ನು ಒಡೆದುಬಿಡುವುದು, ಸಾಹೇಬರು ಬಂದಾಗ 'ಬೆಕ್ಕು ಕೆಡವಿತು' 'ಕೈ ಜಾರಿತು' ಏನಾದರೂ ಹೇಳುವುದು ಎಂದು ತೀರ್ಮಾನವಾಯಿತು. ಚಂದ್ರಾಮಪ್ಪ ಅದನ್ನು ತಲೆಯ ಮೇಲಕ್ಕೆ ಎತ್ತಿದರು. ಎತ್ತಿಯೇ ನಿಂತರು. "ಗನಿ, ನೀ ಒಡಿ," ಎಂದು ಕೊಟ್ಟರು. ಗನಿ ಭಾಯ್ ಮಗುವನ್ನು ಎತ್ತಿಕೊಂಡಂತೆ ಎದೆಗೆ ಹಿಡಿದು, "ಉಪಾಸ ಇದ್ದೇನಿ, ಇವತ್ತು ಬ್ಯಾಡ," ಎಂದು ಟೀಚರಿಗೆ ಕೊಟ್ಟರು. ಟೀಚರ್ ಸೀದಾ ಮಖಮಲ್ಲಿನ ಮೇಲೆ ಇಟ್ಟರು.

ಹೊತ್ತು ಹೋಗಲೆಂದು ನಾನು ಟೀಚರ ಪುಸ್ತಕ ತಿರುವಿದೆ. ಊದಿ ಮಾಡಿದ ಗಾಜಿಗೆ ತಳದಲ್ಲಿ ಊದುಕೊಳವೆ ಮುರಿದ ಗುರುತು ಇರುತ್ತದೆ. ಅಚ್ಚಿನಲ್ಲಿ ಒತ್ತಿದ್ದಾದರೆ ಮಗ್ಗುಲಲ್ಲಿ ಸಣ್ಣ ಗೆರೆ. ಚಂದ್ರಾಮಪ್ಪನವರು ಹೊಸದಾಗಿ ತಂದ ದೀಪಕ್ಕೆ ಆ ಗೆರೆ ಇತ್ತು, ಹೇಳಿದೆ. ಮುಖ ಊದಿಸಿಕೊಂಡು ಹೋದರು. ನನಗೇನು ಇದರಲ್ಲಿ ಆಸಕ್ತಿಯಿಲ್ಲ. ಕಣ್ಣಿಗೆ ಬಿದ್ದದ್ದನ್ನು ಹೇಳಿದೆ, ಅಷ್ಟೆ. ಪುಸ್ತಕ ಇಲ್ಲೇ ಉಳಿದಿದೆ.

೮ ಜೂನ್, ಶನಿವಾರ

ಹೊಲದಿಂದ ಮಾವಿನಕಾಯಿ ಬಂದವು. ಗಟ್ಟಿ ಕಾಯಿ, ಒಳ್ಳೆ ಹುಳಿ. ಹೆಚ್ಚುತ್ತ ಕುಳಿತಿದ್ದಾಗ ಒಂದು ವಿಚಾರ ಬಂತು. ಎದ್ದು ಹೋಗಿ ಹುಕ್ಕಾ ತಂದೆ. ಹಿತ್ತಾಳೆಯ ಬಳೆ ಬಿಚ್ಚದೆಯೇ ತೊಳೆದು ಬಿಸಿಲಿಗೆ ಇಟ್ಟೆ.

"ಅತ್ತಿಗಿ! ಸಾಹೇಬ್ರು ಬರ್ತಾರಲ್ಲ!"

"ಅವ್ರಿಗಽ ಹಾಕಾಕತ್ತೇನಿ."

ಗುರುಬಾಯಿ ಅಳಲು ಬಾಯಿ ತೆರೆದಳು. ಇಂಗು ಕುಟ್ಟಲು ಕೊಟ್ಟೆ, ಸುಮ್ಮನಾದಳು. ಮಂಡಳಿಗೆ ಏನೂ ಹೇಳಿಲ್ಲ.

೨೨ ಜೂನ್, ಶನಿವಾರ

ಈದ್ ಆಯಿತು. ಗನಿ ಭಾಯ್ ಮನೆಯಿಂದ ಶೀರ್ ಕುರ್ಮಾ ಬಂತು, ಟೀಚರ ಮನೆಯಿಂದಲೂ ಬಂತು. ಈಗ ಅವರನ್ನು ನಾನು ಆಪಾ ಎಂದೇ ಕರೆಯುತ್ತೇನೆ. ಆಪಾ ಮಾಡಿದ್ದು ಒಂದು ಕೈ ಮೇಲು. ಇದನ್ನು ಗನಿ ಭಾಯ್‌ಗೆ ಹೇಳಬೇಕೆಂದಿದ್ದೇನೆ.

೩೦ ಜೂನ್, ರವಿವಾರ

ಬುರಾನುದ್ದೀನ ಸಾಹೇಬರು ಬೆಳಗಿನ ಬಸ್ಸಿಗೆ ಇಳಿದರು. ಕೋಲಿನಂಥ ಮನುಷ್ಯ. ಈ ಸೆಕೆಯಲ್ಲೂ ಶೇರವಾನಿಗೆ ಕೊರಳಿನವರೆಗೆ ಗುಂಡಿ. ಮೊದಲು ರಾಯಚೂರಿನಲ್ಲಿ ನೌಕರಿ ಮಾಡಿದ್ದರಂತೆ, ಕನ್ನಡ ಬರುತ್ತದೆ. ನಗು ಬರುವುದಿಲ್ಲ.

ಎಲ್ಲರೂ ತಮ್ಮ ತಮ್ಮ ಒಳ್ಳೆಯ ಸಾಮಾನುಗಳನ್ನು ನಮ್ಮ ಪಡಸಾಲೆಗೆ ತಂದಿಟ್ಟಿದ್ದರು. ಸಾಹೇಬರು ಚಂದ್ರಾಮಪ್ಪನವರ ದೀಪಗಳ ಮುಂದೆ ನಡೆಯುತ್ತ, "ಇದು ಹೊಸಾದು. ಇದೂ ಹೊಸಾದು. ಇದು ಬಹಳ ಹೊಸಾದು," ಎಂದರು. ಚಂದ್ರಾಮಪ್ಪನವರ ಮೀಸೆ ಇಳಿಯಿತು. ಆಪಾನ ಒಂದು ಗುಲಾಬದಾನಿಗೆ ತಲೆ ಆಡಿಸಿದರು. ಗನಿ ಭಾಯ್‌ನ ಒಂದು ನೀಲಿ ಶೀಸೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, ಮೆಲ್ಲಗೆ ಕೆಳಗಿಟ್ಟು, "ಇದು ಅಸಲಿ," ಎಂದರು. ಗನಿ ಭಾಯ್ ಇದ್ದಲ್ಲೇ ಕುಳಿತುಬಿಟ್ಟರು.

"ಇನ್ನ ಆ ಹುಕ್ಕಾ? ದೌಲತರಾಯ ಸಾಹೇಬ್ರು ಬಹಳ ತಾರೀಫ್ ಮಾಡಿದ್ರು."

ಮೂವರೂ ಕಪಾಟಿನಲ್ಲಿ ಬರಿದಾದ ಮಖಮಲ್ಲನ್ನೂ ನನ್ನನ್ನೂ ನೋಡಿದರು. ನಾನೇ ಒಡೆದೆನೆಂದು ಅವರು ತಿಳಿದರು ಎಂದು ಕಾಣುತ್ತದೆ.

"ಮೊದ್ಲು ಊಟಕ್ಕ ಏಳ್ರಿ," ಎಂದೆ.

ರೊಟ್ಟಿ, ಎಣ್ಣೆಗಾಯಿ, ತೊಗರಿಬೇಳೆ, ಮೊಸರು ಬಡಿಸಿದ್ದೆವು. ಆಮೇಲೆ ಅಡುಗೆಮನೆಯಿಂದ ಹುಕ್ಕಾವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಒಳಗೆ ಕಟ್ಟಿಗೆಯ ಸೌಟು ಹಾಕಿ, ಸಾಹೇಬರ ತಟ್ಟೆಗೆ ಉಪ್ಪಿನಕಾಯಿ ಬಡಿಸಿದೆ. ಚಂದ್ರಾಮಪ್ಪ ಮುರಿದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಆಪಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸಾಹೇಬರು ತಿಂದರು. ಇನ್ನೊಂದು ಹೋಳು ಕೇಳಿ ಹಾಕಿಸಿಕೊಂಡರು. "ಉಪ್ಪಿನಕಾಯಿ ಬಹಳ ಛಲೋ ಅದ ಬಾಯಿ. ಹುಕ್ಕಾ ಯಾವಾಗ ತೋರಸ್ತೀರಿ?"

"ಅದರಾಗಿಂದಽ ಉಣ್ಣಾಕತ್ತೀರಲ್ರಿ."

ಅವರ ಕೈ ನಿಂತಿತು. ಹೇಳಬೇಕೆಂದಿದ್ದನ್ನು ಹೇಳಿದೆ.

"ಇದು ನನ್ನ ತವರು ಮನಿ ಬಾಟ್ಲಿ. ನಮ್ಮ ಮನಿಯವ್ರು ಇದ್ನ ಹುಕ್ಕಾ ಮಾಡಿದ್ರು. ಅವ್ರನ್ನ ಸುಳ್ಳುಗಾರ ಅಂತ ಬರಕೋಬ್ಯಾಡ್ರಿ ಸಾಹೇಬ್ರ. ನಗಸಾಕ ಹೇಳಿದ್ರು. ಇಲ್ಲಿ ಇದ್ದವ್ರಿಗೆಲ್ಲ ಗೊತ್ತಿತ್ತು. ಗೊತ್ತಿರಲಾರದವ್ರು ನೀವೊಬ್ರಽ ಇದ್ರಿ, ಈಗ ನಿಮಗೂ ಗೊತ್ತಾತು. ಶಾಖಾ ಕೊಡೂದು ಬಿಡೂದು ನಿಮ್ಮ ಖುಷಿ. ಮೊಸರು ಹಾಕ್ಲೇನು?"

ಸಾಹೇಬರು ಕೈ ತೊಳೆದು ಬಂದು, ಜೇಬಿನಿಂದ ಭೂತಗನ್ನಡಿ ತೆಗೆದು, ಬಾಟ್ಲಿಯ ಬಾಯಿ ನೋಡಿದರು. ಹಿತ್ತಾಳೆಯ ಬಳೆ ಸರಿಸಿ ಬೆರಳಾಡಿಸಿದರು.

"ಈ ಕೊರಳು ತಿಕ್ಕಿದವ್ರು ಯಾರು?"

"ಸೊಲ್ಲಾಪುರದಾಗ ಗಾಲಿ ಮ್ಯಾಲ ತಿಕ್ಕಿಸಿದ್ರು."

"ಗಾಲಿ ಅಲ್ಲ ಬಾಯಿ. ಗಾಲಿದಾದ್ರ ಗೆರಿ ಎಲ್ಲ ಒಂದಽ ಕಡಿ ತಿರುಗಿರ್ತಾವ. ಇವು ನೋಡ್ರಿ, ಅತ್ತಾಗೊಂದು ಇತ್ತಾಗೊಂದು. ಕೈಲೆ ತಿಕ್ಯಾರ. ಕಲ್ಲು, ಉಸುಕು, ನೀರು. ಯಾರೋ ತಿಂಗಳಗಟ್ಟಲೆ ಕುಂತಾರ."

ನಾನು ಅಲ್ಲವೆಂದು ತಲೆ ಆಡಿಸಿದೆ. ಆಗ ಗನಿ ಭಾಯ್ ನನ್ನ ಕಡೆ ನೋಡದೆ ಮಾತಾಡಿದರು.

"ನನ್ನ ಅಂಗಡಿ ಹಿಂದಿನ ಕಟ್ಟಿ ಮ್ಯಾಲ ಕುಂತು ತಿಕ್ಕತಿದ್ದ ಭಾಬಿ. ಆ ಮಳಿಗಾಲ ಪೂರಾ. ಬಾಟ್ಲಿ ಒಡೆದಾಗ ನೀವು ಊಟ ಬಿಟ್ಟಿದ್ರಂತ. 'ಮೊದಲಿನಂಗ ಆಗೂದಿಲ್ಲ ಗನಿ, ಆಕಿ ತಿರುಗಿ ನೋಡೂವಂಗರ ಆಗ್ಲಿ' ಅಂತಿದ್ದ. ಮಾಡಿ ಮುಗಿಸಿದ ಮ್ಯಾಲ ಹಂಗಽ ಕೊಡಾಕ ನಾಚಿಕಿ ಬಂತು ಅವ್ನಿಗೆ. ಅದಕ್ಕ ಹುಕ್ಕಾ ಅಂದ. ನಿಮಗ ಹೇಳಬ್ಯಾಡಂತ ಆಣಿ ಹಾಕಿಸ್ಕೊಂಡಿದ್ದ."

ಮೊಸರು ತರಲು ಒಳಗೆ ಹೋದೆ. ಮೊಸರು ಹೊರಗೇ ಇತ್ತು. ಆಪಾ ಬಂದು ಪಕ್ಕದಲ್ಲಿ ನಿಂತರು. ಒಂದು ಚೊಂಬು ನೀರು ತುಂಬಿ ಕೈಗೆ ಕೊಟ್ಟರು, ಮುಖ ತೊಳೆದುಕೊಂಡೆ.

ಹೊರಗೆ ಬಂದರೆ ಬುರಾನುದ್ದೀನ ಸಾಹೇಬರು ಶೇರವಾನಿಯ ಮೇಲಿನ ಗುಂಡಿ ಬಿಚ್ಚಿ ಕುಳಿತಿದ್ದರು.

"ನಮ್ಮ ಅಂಜುಮನ್‌ನಾಗ ಒಂದು ಲಾಲ್ ಪ್ಯಾಲಾ ಅದ, ಕೆಂಪು ಗಾಜಿನ ಬಟ್ಲು. ಬೀಗ ಹಾಕಿದ ಪೆಟಿಗ್ಯಾಗ ಇಡ್ತೇವಿ. ಶಾಹಿ ಖಾನದಾನದ್ದು ಅಂತಾರ. ಅದು ರೈಲ್ವೆ ಕ್ಯಾಂಟೀನಿಂದು. ಎಷ್ಟೋ ವರ್ಷ ಆತು, ನನಗೊಬ್ಬನಿಗೇ ಗೊತ್ತು."

"ಒಬ್ಬರಿಗೇ ಅಂತ ಹೆಂಗ ಹೇಳ್ತೀರಿ ಸಾಹೇಬ್ರ?" ಎಂದರು ಗನಿ ಭಾಯ್.

ಸಾಹೇಬರು ಬಾಯಿ ತೆರೆದರು. ಮುಚ್ಚಿದರು. ಒಬ್ಬೊಬ್ಬರ ಹೆಸರಾಗಿ ನೆನಪಿಸಿಕೊಳ್ಳುತ್ತಿದ್ದಾರೆ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ, "ಯಾ ಅಲ್ಲಾ," ಎಂದು ನಗಲು ಶುರು ಮಾಡಿದರು. ರೂಢಿಯಿಲ್ಲದ ನಗು, ಕೀಲಿಗೆ ಎಣ್ಣೆಯಿಲ್ಲದ ಬಾಗಿಲಿನ ಹಾಗಿತ್ತು.

ಶಾಖೆ ಆಯಿತು. ಮುಂದಿನ ವಾರ ಪುಸ್ತಕದ ಪೆಟ್ಟಿಗೆ ಬರುತ್ತದೆ. ಅಧ್ಯಕ್ಷರು ಯಾರೆಂದು ಕೇಳಿದಾಗ ಮೂವರೂ ನನ್ನ ಕಡೆ ಕೈ ಮಾಡಿದರು. ನಾನು ಚಹಾ ಮಾಡುವವಳು, ನನಗಿದೆಲ್ಲ ಬೇಡ ಎಂದು ಖಂಡಿತವಾಗಿ ಹೇಳಿದೆ. ಹೆಸರು ಬರೆಯುವಾಗ ಸಾಹೇಬರು 'ಕಸ್ತೂರಿಬಾಯಿ'ಗೆ ದೀರ್ಘ ಬಿಟ್ಟಿದ್ದರು, ಅದನ್ನು ತಿದ್ದಿಸಿದೆ.

೧೨ ಜುಲೈ, ಶುಕ್ರವಾರ

ಹೋದ ರವಿವಾರ ಚಂದ್ರಾಮಪ್ಪ ಬಾಯಿ ತಪ್ಪಿ ಒಂದು ಮಾತು ಆಡಿದ್ದರು. ಜೇವರ್ಗಿಯ ಅರಿವೆ ವ್ಯಾಪಾರಿ ಸೈದಪ್ಪ ತಮ್ಮ ಹಳೆಯ ಮನೆಗೆ ಕಬ್ಬಿಣದ ಕಿಟಕಿ ಹಾಕಿಸುತ್ತಿದ್ದಾರೆ, ಬಾಗಿಲ ಮೇಲಿನ ಬಣ್ಣದ ಗಾಜುಗಳನ್ನೆಲ್ಲ ಕಿತ್ತು ಇಡುತ್ತಿದ್ದಾರೆ, ಶುಕ್ರವಾರ ಜೀಪು ತೆಗೆದುಕೊಂಡು ಹೋಗಿ ಬರುತ್ತೇನೆ ಎಂದು. ನಾವು "ಹೌದೇನ್ರಿ" ಎಂದು ಸುಮ್ಮನಾದೆವು. ಇವತ್ತು ಬೆಳಗಿನ ಮೊದಲ ಬಸ್ಸಿಗೆ ನಾನೂ ಆಪಾನೂ ಜೇವರ್ಗಿಗೆ ಹೋದೆವು.

ಸೈದಪ್ಪನವರಿಗೆ ನಾವು ಕಸ ಒಯ್ಯಲು ಬಂದ ಪುಣ್ಯಾತ್ಗಿತ್ತಿಯರ ಹಾಗೆ ಕಂಡೆವು. "ಒಯ್ರಿ ತಾಯಿ, ಕಾಲಿಗಿ ಚುಚ್ತಾವ," ಎಂದರು. ಕೆಂಪು, ಹಳದಿ, ನೀಲಿ. ಮಗ್ಗುಲಿಗೆ ಹಿಡಿದು ನೋಡಿದೆ, ಅಲೆ ಅಲೆಯಾಗಿದೆ. ಈಗಿನ ಗಾಜು ಹೀಗೆ ಇರುವುದಿಲ್ಲ. ಹಳೆಯ ಸೀರೆಯಲ್ಲಿ ಒಂದೊಂದಾಗಿ ಸುತ್ತುತ್ತಿದ್ದಾಗ ಅಂಗಳದಲ್ಲಿ ಜೀಪಿನ ಸದ್ದಾಯಿತು.

"ಅಕ್ಕಾವ್ರ! ಇದು ಮೋಸ ರೀ!"

"ನಿಮಗ ಹಸರು ಬಿಟ್ಟೇನಲ್ಲ ಚಂದ್ರಾಮಪ್ಪನವ್ರ," ಎಂದೆ. ಹಸಿರು ಒಂದೇ ಇತ್ತು, ಅದೂ ಮೂಲೆ ಒಡೆದಿತ್ತು.

ಜೀಪಿನಲ್ಲಿ ಬರಲು ಕರೆದರು. ಗಾಜು ಒಡೆಯುತ್ತವೆ ಎಂದು ಹೇಳಿ ಬಸ್ಸಿಗೆ ಬಂದೆವು. ಆಳಂದ ಮುಟ್ಟುವುದರೊಳಗೆ ಮಾತಾಡಿ ಮಾತಾಡಿ ಅರ್ಧ ಕಸಿದುಕೊಳ್ಳುವ ಮನುಷ್ಯ ಅವರು.

ಕಲಬುರ್ಗಿಯಲ್ಲಿ ಬಸ್ಸು ಬದಲಾಯಿಸಿದೆವು. ಮುಂದಿನ ಊರಿನಲ್ಲಿ ಒಬ್ಬ ಮುದುಕಿ ಹತ್ತಿ ನಮ್ಮ ಸೀಟಿಗೆ ಒತ್ತಿ ಕುಳಿತಳು. ಹೆಸರು ಬಾಳಮ್ಮ ಎಂದಳು. ತೊಡೆಯ ಮೇಲಿನ ಗಂಟಿನಲ್ಲಿ ಏನಿದೆ ಎಂದು ಬಿಡದೆ ಕೇಳಿದಳು. ಹಳದಿಯದೊಂದನ್ನು ಬಿಚ್ಚಿ ಕೊಟ್ಟೆ. ಹೇಗೆ ಹಿಡಿಯಬೇಕೆಂದು ಯಾರೂ ಹೇಳಿಕೊಡಲಿಲ್ಲ, ತಾನೇ ಕಿಟಕಿಗೆ ಹಿಡಿದಳು. ಮಳೆ ತಡವಾಗಿದೆ, ಹೊರಗೆ ಹೊಲಗಳೆಲ್ಲ ಬರೀ ಕಪ್ಪು.

"ಯವ್ವಾ," ಎಂದಳು, "ತೊಗರಿ ಎಲ್ಲಾ ಹೂವಾಗ್ಯಾದ ನೋಡ್ರೇ!"

ಹಿಂದಿನ ಸೀಟಿನವರು ಎದ್ದರು. ಗಾಜು ಕೈಯಿಂದ ಕೈಗೆ ಹೋಯಿತು. ನನ್ನ ಜೀವ ಬಾಯಿಗೆ ಬಂದಿತ್ತು. ಗಂಟಿಗೆ ಲಗೇಜ್ ಟಿಕೆಟ್ ತೆಗೆಯಬೇಕೆಂದು ಬಂದ ಕಂಡಕ್ಟರ್ ತಾನೂ ಒಂದು ಸಲ ಹಿಡಿದು ನೋಡಿ, ಟಿಕೆಟ್ ಮರೆತು ಮುಂದಕ್ಕೆ ಹೋದ. ಗಾಜು ಮರಳಿ ಬಾಳಮ್ಮನ ಕೈಗೆ ಬಂತು. ಕೇಳಿದರೂ ಕೊಡಲಿಲ್ಲ, ತಮ್ಮ ಹೊಲ ಬರುವ ತನಕ ಇರಲಿ ಎಂದಳು. ಹೊಲ ಬಂತು, ನೋಡಿದಳು, ಅಲ್ಲೇ ಬಸ್ಸು ನಿಲ್ಲಿಸಿ ಇಳಿದೂಬಿಟ್ಟಳು. ಗಾಜು ಅವಳ ಕೈಯಲ್ಲೇ ಇತ್ತು.

ಆಪಾ ಎದ್ದು ನಿಂತು ಕೂಗಿದರು, "ಏ ಯಮ್ಮಾ! ನಮ್ಮ ಗಾಜು!"

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. "ಆಯ್ತಾರ ಆಳಂದಕ್ಕ ಬಾರವ್ವಾ! ಇನ್ನೂ ಭಾಳ ಅದಾವ, ತೋರಸ್ತೇನಿ!"

ಅವಳು ಗಾಜು ಹಿಡಿದ ಕೈಯನ್ನೇ ಬೀಸಿದಳು. ಬಸ್ಸು ಹೊರಟಿತು.

"ತಿರುಗಿ ತರ್ತಾಳಂತೀರೇನು?" ಎಂದರು ಆಪಾ, ಸಿಟ್ಟಿನಿಂದ ಕುಳಿತುಕೊಳ್ಳುತ್ತ.

"ತಂದ್ರ ಒಬ್ರು ಹೊಸಾ ಸದಸ್ಯರು ಆದ್ರು."

"ತರದಿದ್ರ?"

"ತರದಿದ್ರ ಆಕಿ ಊರಾಗ ನಮ್ಮದೊಂದು ಶಾಖಾ ಆತು ಬಿಡ್ರಿ ಆಪಾ."